ಬಿಸಿಲಿಗೆ ಕೂತ ಆನ್‌ಲೈನ್ ತರಗತಿ

ದೆಹಲಿಯಿಂದ ಚಿತ್ರದುರ್ಗಕ್ಕೆ ಹೋದಾಗಲೆಲ್ಲ ನಮ್ಮ ಚಿಕ್ಕಮ್ಮ ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನಿನ್ನ ಕೆಲಸ ಅಂದರೆ ಏನು? ವಿಶ್ವವಿದ್ಯಾಲಯದಲ್ಲಿದ್ದೇನೆ ಎಂದರೆ ಪಾಠ ಮಾಡುತ್ತೇನೆ ಎಂದುಕೊಳ್ಳುತ್ತಿದ್ದಳು. ಇಲ್ಲ ಚಿಕ್ಕಮ್ಮ, ಬೇರೆಯವರು ಕಂಪ್ಯೂಟರಿನಲ್ಲಿ ಪಾಠ ಮಾಡಿದರೆ ಹುಡುಗರ ತಲೆಗೆ ಹೋಗುತ್ತದೋ ಇಲ್ಲವೋ ಎಂದು ನೋಡುತ್ತೇನೆ ಎಂದು ಒಮ್ಮೆ ಬಿಡಿಸಿ ಹೇಳಿದೆ. ಅವಳು, "ಅದನ್ನ ನೋಡೋಕೂ ಸಂಬಳ ಕೊಡ್ತಾರಾ?" ಎಂದಳು. ಆ ಅನುಮಾನ ನನಗೂ ಆಗಾಗ ಬಂದದ್ದುಂಟು.

ಈಗ ಈ ಕೆಲಸಕ್ಕೆ ಹೊಸಬರು ಸಾಲುಸಾಲಾಗಿ ಸೇರುತ್ತಿದ್ದಾರೆ. ಕೆಲವರು ವಸಂತ್ ಕುಂಜ್‌ನ ನಮ್ಮ ಮನೆಯವರೆಗೂ ಬಂದು ಏನಾದರೂ ಕಿವಿಮಾತು ಹೇಳಿ ಎನ್ನುತ್ತಾರೆ. ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟು ಅದೇ ಕಥೆ ಹೇಳಿ ಸಾಕಾಗಿ, ಒಂದೇ ಸಲ ಬರೆದುಬಿಡೋಣ ಎಂದು ಕೂತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವಾಗ ತಪ್ಪಿತು ಎಂಬುದನ್ನು ಬರೆಯುವುದಿಲ್ಲ. ಬರೆದರೆ ನಿಮಗೆ ನಿದ್ದೆ ಬರುತ್ತದೆ, ನನಗೆ ಸಿಟ್ಟು ಬರುತ್ತದೆ.

ನಾನು ಸೇರಿದ ಕಾಲಕ್ಕೆ ಆನ್‌ಲೈನ್ ಎಂಬ ಮಾತು ರೈಲ್ವೆ ಟಿಕೆಟ್ಟಿಗೆ ಮಾತ್ರ ಇತ್ತು. ನಾವು ಪ್ರಾಧ್ಯಾಪಕರನ್ನು ಸ್ಟುಡಿಯೋಗೆ ಕರೆತಂದು, ಅವರ ಪಾಠವನ್ನು ಚಿತ್ರೀಕರಿಸಿ, ಸಿ.ಡಿ. ಮಾಡಿ ಕಾಲೇಜುಗಳಿಗೆ ಕಳಿಸುತ್ತಿದ್ದೆವು. ಕಾಲೇಜಿನವರು ಅದನ್ನು ಜೋಪಾನವಾಗಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಮುಂದೆ ನಾವೇ ಹೋಗಿ, ಸಿ.ಡಿ. ನೋಡಿದ ವಿದ್ಯಾರ್ಥಿಗಳಿಗೆ ಎಷ್ಟು ಉಪಯೋಗವಾಯಿತು ಎಂದು ಸಂಶೋಧನೆ ಮಾಡುತ್ತಿದ್ದೆವು. ಬೀಗದ ಕೈ ಯಾರ ಹತ್ತಿರವಿದೆ ಎಂದು ವಿಚಾರಿಸುವುದರಲ್ಲೇ ನಮ್ಮ ಸಂಶೋಧನೆಯ ಬಹುಪಾಲು ಸಮಯ ಕಳೆಯುತ್ತಿತ್ತು.

ಆಗಿನ ಕಾಲದ ಒಬ್ಬ ಹಿರಿಯ ಇತಿಹಾಸ ಪ್ರಾಧ್ಯಾಪಕರನ್ನು ಮರೆಯಲಾರೆ. ತರಗತಿಯಲ್ಲಿ ಅವರು ಬಾಯಿ ತೆರೆದರೆ ಹುಡುಗರು ಕಿಟಕಿಯಲ್ಲೂ ನಿಂತು ಕೇಳುತ್ತಿದ್ದರು. ಸ್ಟುಡಿಯೋದಲ್ಲಿ ಕ್ಯಾಮೆರಾ ಮುಂದೆ ಕೂರಿಸಿದೆವು ನೋಡಿ, ಮಾತೇ ಹೊರಡಲಿಲ್ಲ. ಬೆವರು ಒರೆಸಿಕೊಂಡು, ಈ ಗಾಜಿನ ಕಣ್ಣಿಗೆ ನಾನು ಏನು ಹೇಳಲಿ, ಅದು ತಲೆಯನ್ನೂ ಆಡಿಸುವುದಿಲ್ಲ ಎಂದು ಗೊಣಗಿದರು. ಕೊನೆಗೆ ದೀಪ ಹಿಡಿಯುವ ಭಯ್ಯಾನನ್ನು ಕ್ಯಾಮೆರಾ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂರಿಸಿದೆವು. ಅವನಿಗೆ ಇತಿಹಾಸದ ಗಂಧಗಾಳಿ ಇರಲಿಲ್ಲ. ಆದರೆ ಪ್ರಾಧ್ಯಾಪಕರು ಅರ್ಥವಾಯಿತೇ ಎಂದರೆ ಪ್ರತಿ ಸಲವೂ ತಲೆಯಾಡಿಸುತ್ತಿದ್ದ, ಅರ್ಥವಾಗದಿದ್ದರೆ ಜೊತೆಗೆ ಆಕಳಿಸುತ್ತಿದ್ದ. ಆಕಳಿಸಿದಾಗಲೆಲ್ಲ ಅವರು ಅದೇ ವಿಷಯವನ್ನು ಇನ್ನೊಂದು ರೀತಿಯಲ್ಲಿ ಹೇಳುತ್ತಿದ್ದರು. ಅಷ್ಟು ಸೊಗಸಾದ ಪಾಠಗಳು ನಮ್ಮ ಸ್ಟುಡಿಯೋದಲ್ಲಿ ಮತ್ತೆ ಆಗಲಿಲ್ಲ. ಭಯ್ಯಾ ತಂಗಿಯ ಮದುವೆಗೆಂದು ರಜೆ ಹಾಕಿ ಹೋದ ವಾರದ ಪಾಠಗಳು ಮಾತ್ರ ಸಪ್ಪೆಯಾಗಿದ್ದವು. ನಾವೆಲ್ಲ ಅದನ್ನು ನೋಡಿ ನಕ್ಕೆವು, ವರದಿಯಲ್ಲಿ ಬರೆಯಲಿಲ್ಲ. ವರದಿಯಲ್ಲಿ ದೀಪದ ಬೆಳಕು ಎಷ್ಟಿರಬೇಕು ಎಂದು ಬರೆದೆವು.

ಆಮೇಲೆ ಕೊರೋನಾ ಬಂತು. ಅಲ್ಲಿಯವರೆಗೆ ನಮ್ಮನ್ನು ಕಂಡರೆ ದಾರಿ ಬದಲಿಸುತ್ತಿದ್ದ ಪ್ರಾಧ್ಯಾಪಕರೆಲ್ಲ ದಿನವೂ ಫೋನ್ ಮಾಡತೊಡಗಿದರು. ಮನೆಯಲ್ಲಿ ನನ್ನ ಮಗಳು ಆಗ ಡಿಗ್ರಿ ಓದುತ್ತಿದ್ದಳು. ನಾನು ಊಟದ ಮೇಜಿನ ಮೇಲೆ ಆನ್‌ಲೈನ್ ಕಲಿಕೆಯಲ್ಲಿ ವಿದ್ಯಾರ್ಥಿಗಳ ತನ್ಮಯತೆ ಎಂಬ ವಿಷಯದ ಮೇಲೆ ಬರೆಯುತ್ತಿದ್ದರೆ, ಅವಳು ಪಕ್ಕದ ಕೋಣೆಯಲ್ಲಿ ಹಾಜರಿ ಹೇಳಿ, ಕ್ಯಾಮೆರಾ ಆರಿಸಿ, ರಜಾಯಿ ಎಳೆದುಕೊಂಡು ಮಲಗುತ್ತಿದ್ದಳು. ಒಮ್ಮೆ ಎಬ್ಬಿಸಿದ್ದಕ್ಕೆ, "ಅಟೆಂಡೆನ್ಸ್ ಹೋ ಗಯಾ ಅಮ್ಮಾ, ಅಬ್ ಸೋನೇ ದೋ ನಾ ಸ್ವಲ್ಪ," ಎಂದಳು, ಹಾಜರಿ ಆಯಿತಲ್ಲ, ಇನ್ನು ಮಲಗಲು ಬಿಡು ಎಂದು. ಅವಳೂ ನಮ್ಮ ಅಂಕಿಅಂಶದಲ್ಲಿ ಪೂರ್ತಿ ಹಾಜರಿದ್ದ ವಿದ್ಯಾರ್ಥಿನಿಯೇ.

ಆ ಕಾಲದಲ್ಲೇ ನಮ್ಮ ತಂಡ ಒಂದು ದೊಡ್ಡ ಸಮೀಕ್ಷೆ ಮಾಡಿತು. ಮನೆಯಲ್ಲಿ ಇಂಟರ್‌ನೆಟ್ಟಿನ ತೊಂದರೆ ಇದೆಯೇ ಎಂಬ ಪ್ರಶ್ನೆಯನ್ನು ಎಲ್ಲ ವಿದ್ಯಾರ್ಥಿಗಳಿಗೂ ಇಂಟರ್‌ನೆಟ್ಟಿನಲ್ಲೇ ಕಳಿಸಿದೆವು. ಉತ್ತರ ಕೊಟ್ಟವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಏನೂ ತೊಂದರೆ ಇಲ್ಲ ಎಂದಿದ್ದರು. ನಮ್ಮ ನಿರ್ದೇಶಕರು ಅದನ್ನು ದಪ್ಪ ಅಕ್ಷರದಲ್ಲಿ ಮೇಲಿನವರಿಗೆ ಕಳಿಸಿದರು, ಮೇಲಿನವರು ಸಂತೋಷಪಟ್ಟರು. ತೊಂದರೆ ಇದ್ದವರಿಗೆ ಪ್ರಶ್ನೆಯೇ ತಲುಪಿರಲಿಲ್ಲ ಎಂಬುದು ನಮಗೆ ಹೊಳೆಯಲು ಒಂದು ಇಡೀ ಸೆಮಿಸ್ಟರ್ ಬೇಕಾಯಿತು. ಡಾಕ್ಟರೇಟ್ ಪಡೆದವರು ನಾಲ್ಕಾರು ಜನ ಒಟ್ಟಿಗೆ ಕೂತರೆ ಮಾತ್ರ ಇಂಥ ತಪ್ಪು ಸಾಧ್ಯ. ಒಬ್ಬರೇ ಇದ್ದರೆ ಹೇಗೋ ಹೊಳೆದುಬಿಡುತ್ತದೆ.

ನಿರ್ದೇಶಕರು ಎಂದೆನಲ್ಲ, ಅವರನ್ನು ಭಾರದ್ವಾಜ್ ಎಂದು ಕರೆಯೋಣ. ಕೆಟ್ಟ ಮನುಷ್ಯರಲ್ಲ. ನನಗೆ ಹಲ್ಲುನೋವು ಬಂದಾಗ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದವರು. ಆದರೆ ಹೊಸ ಇಂಗ್ಲಿಷ್ ಪದವೊಂದು ಸಿಕ್ಕಿಬಿಟ್ಟರೆ ಮಕ್ಕಳಿಗೆ ಗಾಳಿಪಟ ಸಿಕ್ಕ ಹಾಗೆ ಆಡುತ್ತಿದ್ದರು. ಕೊರೋನಾ ಮುಗಿದು ಕಾಲೇಜು ತೆರೆದ ಮೇಲೆ ಅವರ ಕೈಗೆ ಸಿಕ್ಕ ಪದ ಬ್ಲೆಂಡೆಡ್ ಲರ್ನಿಂಗ್. ಕೇಳಲು ಮಿಕ್ಸಿಯ ಜಾಹೀರಾತಿನ ಹಾಗಿದ್ದರೂ ವಿಷಯ ಸರಳ: ಅರ್ಧ ಪಾಠ ಪರದೆಯ ಮೇಲೆ, ಅರ್ಧ ಪಾಠ ತರಗತಿಯಲ್ಲಿ. ಭಾರದ್ವಾಜ್ ಅವರಿಗೆ ಆ ಎರಡನೆಯ ಅರ್ಧ ನಿಜಕ್ಕೂ ಬೇಕೇ ಎಂಬ ಅನುಮಾನವಿತ್ತು.

ಅದನ್ನು ಪರೀಕ್ಷಿಸಲು ಒಂದು ಪ್ರಯೋಗ ಹೂಡಿದೆವು. ಮೊದಲ ವರ್ಷದವರಿಗೆ ಸಂಖ್ಯಾಶಾಸ್ತ್ರದ ಒಂದು ಕೋರ್ಸ್ ಇತ್ತು. ಎರಡು ಸೆಕ್ಷನ್ನಿಗೂ ಅವೇ ವಿಡಿಯೋ ಪಾಠಗಳು. ಒಂದು ಸೆಕ್ಷನ್ನಿಗೆ ಅದರ ಜೊತೆಗೆ ತರಗತಿಯಲ್ಲಿ ಟ್ಯುಟೋರಿಯಲ್, ಎಂದರೆ ಟೀಚರೊಬ್ಬರು ಕೂರಿಸಿಕೊಂಡು ಲೆಕ್ಕ ಬಿಡಿಸಿ ಅನುಮಾನ ಪರಿಹರಿಸುವುದು. ಇನ್ನೊಂದು ಸೆಕ್ಷನ್ನಿಗೆ ವಿಡಿಯೋ ಮಾತ್ರ, ಟೀಚರ ಸಹಾಯ ಇಲ್ಲ. ನಡು ಸೆಮಿಸ್ಟರಿನಲ್ಲಿ ಎರಡು ಸೆಕ್ಷನ್ನಿಗೂ ಒಂದೇ ಪರೀಕ್ಷೆ. ಆನ್‌ಲೈನ್ ಸೆಕ್ಷನ್ನಿನವರು ತರಗತಿಯವರ ಸಮಕ್ಕೆ ಬಂದರೆ ಟ್ಯುಟೋರಿಯಲ್ ದಂಡ ಎಂದು ಲೆಕ್ಕ, ಮುಂದಿನ ವರ್ಷದಿಂದ ರದ್ದು. ಚಳಿಗಾಲ ಮುಗಿಯುವ ಮೊದಲು ಹೊರಗಿನ ಸಮಿತಿಯೊಂದು ಬಂದು ನೋಡಿ ಒಪ್ಪಿಗೆ ಕೊಡಬೇಕಿತ್ತು.

ಆ ಟ್ಯುಟೋರಿಯಲ್ ತೆಗೆದುಕೊಳ್ಳುತ್ತಿದ್ದವಳು ಫರ್ಹಾನಾ. ತುಮಕೂರಿನ ಹುಡುಗಿ, ಡಾಕ್ಟರೇಟ್ ಮುಗಿಸಿದ್ದಳು, ಕೆಲಸ ಮಾತ್ರ ಗುತ್ತಿಗೆಯದು. ಸೆಮಿಸ್ಟರ್ ಮುಗಿದಾಗಲೆಲ್ಲ ಕೆಲಸವೂ ಮುಗಿದು, ಮತ್ತೆ ಹೊಸ ಆದೇಶ ಬರಬೇಕು. ಟ್ಯುಟೋರಿಯಲ್ ರದ್ದಾದರೆ ಆ ಆದೇಶ ಬರುವುದಿಲ್ಲ, ಅಷ್ಟೇ. ನಾವಿಬ್ಬರೂ ಎದುರಾದರೆ ಕಾರಿಡಾರಿನಲ್ಲೇ ನಿಂತು ಕನ್ನಡದಲ್ಲಿ ಹರಟುತ್ತಿದ್ದೆವು. ಭಾನುವಾರ ಮನಸ್ಸಾದರೆ ಕರೋಲ್ ಬಾಗ್‌ನಲ್ಲಿ ಕುಂದಾಪುರದವರೊಬ್ಬರ ಹೋಟೆಲಿಗೆ ಹೋಗಿ ನೀರುದೋಸೆ ತಿನ್ನುತ್ತಿದ್ದೆವು. ಪ್ರಯೋಗದ ನಿಯಮವನ್ನು ಅವಳಿಗೆ ತಿಳಿಸುವ ಪಾಡು ನನ್ನದಾಯಿತು: ಆನ್‌ಲೈನ್ ಸೆಕ್ಷನ್ನಿನವರು ಏನು ಕೇಳಿದರೂ ಹೇಳಿಕೊಡಕೂಡದು. ಅವಳು ಆಗಲಿ ಮೇಡಂ ಎಂದು ತಲೆಯಾಡಿಸಿದಳು. ಸ್ಟುಡಿಯೋದ ಭಯ್ಯಾನೂ ಹೀಗೆಯೇ ಆಡಿಸುತ್ತಿದ್ದ ಎಂದು ನನಗೆ ಆಗ ನೆನಪಾಗಬೇಕಿತ್ತು.

ನಡು ಸೆಮಿಸ್ಟರಿನ ಪರೀಕ್ಷೆ ಬಂತು. ಆನ್‌ಲೈನ್ ಸೆಕ್ಷನ್ನಿನವರು ಸಮಕ್ಕೆ ಬರುವುದಿರಲಿ, ತರಗತಿಯವರನ್ನು ಹಿಂದೆ ಹಾಕಿ ಬಹಳ ಮುಂದೆ ಹೋಗಿಬಿಟ್ಟಿದ್ದರು. ಭಾರದ್ವಾಜ್ ಎಲ್ಲರಿಗೂ ಬರ್ಫಿ ತರಿಸಿ ಹಂಚಿದರು. ಫರ್ಹಾನಾ ತಾನೂ ಒಂದು ತುಂಡು ತಿಂದು ನನಗೆ ಅಭಿನಂದನೆ ಹೇಳಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಬರ್ಫಿ ಮಾತ್ರ ಚೆನ್ನಾಗಿತ್ತು.

ಮರುದಿನ ಡ್ಯಾಶ್‌ಬೋರ್ಡ್ ತೆರೆದು ಕೂತೆ. ಯಾವ ವಿದ್ಯಾರ್ಥಿ ಯಾವ ವಿಡಿಯೋ ಎಷ್ಟು ಹೊತ್ತು ನೋಡಿದ, ಎಲ್ಲಿ ನಿಲ್ಲಿಸಿದ ಎಂದು ತೋರಿಸುವ ಪರದೆ ಅದು. ಆನ್‌ಲೈನ್ ಸೆಕ್ಷನ್ನಿನಲ್ಲಿ ಒಳ್ಳೆಯ ಅಂಕ ಬಂದವರಲ್ಲಿ ಬಹಳಷ್ಟು ಜನ ಒಂದು ವಿಡಿಯೋವನ್ನೂ ತೆರೆದೇ ಇರಲಿಲ್ಲ. ಇದನ್ನು ಹಿಡಿದುಕೊಂಡು ಭಾರದ್ವಾಜ್ ಅವರಲ್ಲಿಗೆ ಓಡಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ನೋಡದೆಯೂ ಕಲಿಯುತ್ತಾರೆ ಎಂದಾದರೆ ಇದು ಇನ್ನೂ ದೊಡ್ಡ ಸಂಶೋಧನೆಯಲ್ಲವೇ ಎಂದು ಹಿಂದಿಯಲ್ಲಿ ಕೇಳಿದರು. ತಮಾಷೆ ಮಾಡುತ್ತಿದ್ದಾರೆ ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಆ ಪರದೆಯಲ್ಲಿ ಒಂದು ಹೆಸರು ಮಾತ್ರ ಕೆಂಪಗೆ ಉರಿಯುತ್ತಿತ್ತು. ಗರಿಮಾ ಎಂಬ ಹುಡುಗಿ, ಪೀತಮ್‌ಪುರದಿಂದ ಮೆಟ್ರೋದಲ್ಲಿ ಬರುವವಳು. ಎಲ್ಲ ವಿಡಿಯೋ ನೋಡಿದ್ದಳು, ಆದರೆ ಮಾತುಮಾತಿಗೂ ನಿಲ್ಲಿಸಿದ್ದಳು. ಒಂದು ಸಣ್ಣ ಪಾಠ ಮುಗಿಸಲು ಅವಳಿಗೆ ಒಂದು ಮಧ್ಯಾಹ್ನವೇ ಹಿಡಿಯುತ್ತಿತ್ತು. ನಮ್ಮ ಯಂತ್ರ ಅವಳನ್ನು ನಿಧಾನ ಕಲಿಕೆಯವಳು, ತುರ್ತು ಗಮನ ಬೇಕು ಎಂದು ಗುರುತಿಸಿತ್ತು. ಆಪ್ತ ಸಮಾಲೋಚನೆಗೆಂದು ಕರೆಸಿದೆ. ಹುಡುಗಿ ಮುಖ ಊದಿಸಿಕೊಂಡು ಬಂದಳು. ಪರೀಕ್ಷೆಯಲ್ಲಿ ಅವಳೇ ಮೊದಲು ಬಂದಿದ್ದಳು, ಪಾಪ.

ಸ್ವಲ್ಪ ಸಮಾಧಾನ ಮಾಡಿ ಕೇಳಿದ ಮೇಲೆ ವಿಷಯ ಹೊರಬಿತ್ತು. ನೋಡುವವಳು ತಾನೊಬ್ಬಳೇ ಅಲ್ಲ, ತನ್ನ ಫೋನಿನ ಪರದೆ ದೊಡ್ಡದಾದ್ದರಿಂದ ಇಡೀ ಸೆಕ್ಷನ್ ಅದರ ಸುತ್ತ ಕೂರುತ್ತದೆ ಎಂದಳು. ಎಲ್ಲಿ ಎಂದೆ. ಲೈಬ್ರರಿ ಹಿಂದಿನ ಹುಲ್ಲಿನ ಮೇಲೆ, ಬಿಸಿಲಿಗೆ ಎಂದಳು. ಅಷ್ಟು ಹೊತ್ತು ಯಾಕೆ ನಿಲ್ಲಿಸುತ್ತೀರಿ ಎಂದೆ. ಅವಳು ನನ್ನನ್ನೇ ಮರುಕದಿಂದ ನೋಡಿ, ಮ್ಯಾಮ್, ನಿಲ್ಲಿಸದಿದ್ದರೆ ಫರ್ಹಾನಾ ಮ್ಯಾಮ್ ವಿವರಿಸುವುದು ಹೇಗೆ ಎಂದಳು.

ಶಾಲು ಹೊದ್ದುಕೊಂಡು ಹೋಗಿ ನೋಡಿದೆ. ದೆಹಲಿಯ ಜನವರಿಯಲ್ಲಿ ಮಧ್ಯಾಹ್ನದ ಬಿಸಿಲು ಬಿದ್ದರೆ ನಾಲ್ಕು ಗೋಡೆಗಳೊಳಗೆ ಯಾರೂ ನಿಲ್ಲುವುದಿಲ್ಲ. ಹುಲ್ಲಿನ ಮೇಲೆ ದುಪಟ್ಟಾ ಹಾಸಿ, ನಡುವೆ ಇಲ್ಲಿಯವರು ಮೂಂಗ್‌ಫಲಿ ಎನ್ನುವ ಕಡಲೆಕಾಯಿ ಸುರಿದು, ಸ್ಟೀಲಿನ ಊಟದ ಡಬ್ಬಿಗೆ ಫೋನ್ ಒರಗಿಸಿ, ನಮ್ಮ ಇಡೀ ಆನ್‌ಲೈನ್ ಸೆಕ್ಷನ್ ಭುಜಕ್ಕೆ ಭುಜ ತಾಗಿಸಿ ಕೂತಿತ್ತು. ಫೋನಿನಲ್ಲಿ ಪಾಠ ನಿಂತಿತ್ತು. ಫರ್ಹಾನಾ ಸರಾಸರಿ ಬೇರೆ, ಏರಿಳಿತ ಬೇರೆ ಎಂದು ಹಿಂದಿಯಲ್ಲಿ ಹೇಳಿಕೊಡುತ್ತಿದ್ದಳು. ಒಂದು ಹೋಟೆಲಿನ ಸಾಂಬಾರಿಗೆ ಒಂದು ದಿನ ಉಪ್ಪೇ ಇಲ್ಲ, ಇನ್ನೊಂದು ದಿನ ಎರಡರಷ್ಟು. ಸರಾಸರಿ ತೆಗೆದರೆ ಉಪ್ಪು ಸರಿಯಾಗಿಯೇ ಇದೆ, ಆದರೆ ನೀವು ಎರಡು ದಿನವೂ ಉಪವಾಸ. ಹುಡುಗರು ನಗುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ಅಷ್ಟು ವರ್ಷ ಸಂಖ್ಯಾಶಾಸ್ತ್ರದೊಂದಿಗೆ ಗುದ್ದಾಡಿದ ನನಗೂ ಇದು ಇಷ್ಟು ಸುಲಭವಾಗಿತ್ತೇ ಅನ್ನಿಸಿತು.

ತರಗತಿಯ ಸೆಕ್ಷನ್ನಿನವರು ಎಲ್ಲಿ ಎಂದು ವಿಚಾರಿಸಿದೆ. ಟ್ಯುಟೋರಿಯಲ್ ಬೆಳಗ್ಗೆ ಎಂಟಕ್ಕೆ ಇಟ್ಟಿದ್ದೆವು. ಮಂಜಿನಲ್ಲಿ ಯಾರು ಏಳುತ್ತಾರೆ? ಅವರು ವಿಡಿಯೋಗಳನ್ನು ಮೆಟ್ರೋದಲ್ಲಿ ನಿಂತುಕೊಂಡು, ದುಪ್ಪಟ್ಟು ವೇಗದಲ್ಲಿ ಓಡಿಸಿ ಮುಗಿಸುತ್ತಿದ್ದರು. ಖಾಲಿ ಕೋಣೆಯಲ್ಲಿ ಕಾದು ಕಾದು ಬೇಸತ್ತ ಫರ್ಹಾನಾ ಬಿಸಿಲಿಗೆ ಬಂದಿದ್ದಳು. ಅಂದರೆ ನಮ್ಮ ಆನ್‌ಲೈನ್‌ನವರು ತರಗತಿಯಲ್ಲಿದ್ದರು, ತರಗತಿಯವರು ಆನ್‌ಲೈನ್‌ನಲ್ಲಿದ್ದರು, ಸಂಶೋಧಕರು ಮಾತ್ರ ಡ್ಯಾಶ್‌ಬೋರ್ಡ್ ಮುಂದಿದ್ದೆವು.

ಹುಡುಗರು ಎದ್ದು ಹೋದ ಮೇಲೆ ನಾನು ಅವಳನ್ನು ತರಾಟೆಗೆ ತೆಗೆದುಕೊಂಡೆ. ಅವರು ಚೆನ್ನಾಗಿ ಮಾಡಿದಷ್ಟೂ ನಿನ್ನ ಕೆಲಸ ಹೋಗುತ್ತದೆ ಎಂಬುದು ನಿನಗೆ ಗೊತ್ತಿರಲಿಲ್ಲವೇ, ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕಿಕೊಂಡೆಯಲ್ಲ ಎಂದು ರೇಗಿದೆ. ಅವಳು ಸಿಪ್ಪೆಗಳನ್ನು ಕಾಗದದ ಮೇಲೆ ಗುಡ್ಡೆ ಮಾಡುತ್ತ, "ಲೆಕ್ಕ ನನಗೂ ಬರುತ್ತೆ ಮೇಡಂ. ಆದ್ರೆ ಅವ್ರು ಪುಸ್ತಕ ಹಿಡ್ಕೊಂಡು ಎದುರಿಗೆ ಬಂದು ನಿಂತ್ರೆ, ನೀವು ಆನ್‌ಲೈನ್ ಸೆಕ್ಷನ್ನು, ಹೋಗಿ ಅಂತ ಹ್ಯಾಗೆ ಹೇಳ್ಲಿ?" ಎಂದಳು. ನಾನು ಮುಖ ತಿರುಗಿಸಿ ಕೆಮ್ಮಿದೆ. ಮೂಂಗ್‌ಫಲಿ ಸಿಕ್ಕಿಕೊಂಡಿದೆ ಎಂದು ಸುಳ್ಳು ಹೇಳಿದೆ.

ಭಾರದ್ವಾಜ್ ಅವರಿಗೆ ಹೇಳದೆ ವಿಧಿಯಿರಲಿಲ್ಲ. ಕಲಬೆರಕೆಯಾದ ಪ್ರಯೋಗದ ಫಲಿತಾಂಶವನ್ನು ಸಮಿತಿಯ ಮುಂದೆ ಇಡುವುದು ಹೇಗೆ? ಅವರು ತಾಳ್ಮೆಯಿಂದ ಪೂರ್ತಿ ಕೇಳಿದರು. ಆಮೇಲೆ, ನಿಯಮ ಮುರಿದವರನ್ನು ತೆಗೆಯೋಣ, ಫಲಿತಾಂಶ ಇರಲಿ ಎಂದು ತೀರ್ಪು ಕೊಟ್ಟರು. ಸುಮ್ಮನಿದ್ದರೆ ಫರ್ಹಾನಾಳ ಕೆಲಸ ಸೆಮಿಸ್ಟರ್ ಕೊನೆಗೆ ಹೋಗುತ್ತಿತ್ತು. ನಾನು ಸತ್ಯ ಹೇಳಿದ್ದರಿಂದ ಅದು ಇನ್ನೂ ಬೇಗ ಹೋಗುವಂತಾಯಿತು. ಸಂಶೋಧನೆಯ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಸಮಿತಿ ಬರುವ ಹಿಂದಿನ ದಿನ ನನಗೊಂದು ಉಪಾಯ ಹೊಳೆಯಿತು. ಅವಳನ್ನು ಕೇಳದೆ ಮಾಡುವ ಹಾಗಿರಲಿಲ್ಲ, ಯಾಕೆಂದರೆ ಎಡವಿದರೆ ಬೀಳುವವಳು ಅವಳೇ. ಹೇಳಿದೆ. ಅವಳು ನಕ್ಕು, "ಕರ್ಕೊಂಡು ಬನ್ನಿ ಮೇಡಂ. ಹ್ಯಾಗಿದ್ರೂ ಕೆಲಸ ಹೋಗೋದೇ ಆದ್ರೆ, ಬಿಸಿಲಲ್ಲಾದ್ರೂ ಹೋಗ್ಲಿ," ಎಂದಳು.

ಸಮಿತಿಯ ಅಧ್ಯಕ್ಷೆ ಪುಣೆಯ ಹಿರಿಯ ಪ್ರಾಧ್ಯಾಪಕಿ, ಮಂಡಿನೋವಿನವರು. ನಮ್ಮ ಸಭಾಂಗಣವೋ ಚಳಿಗಾಲದಲ್ಲಿ ಐಸ್‌ಕ್ರೀಮ್ ಇಡಬಹುದಾದಷ್ಟು ತಣ್ಣಗಿರುತ್ತಿತ್ತು. ಭಾರದ್ವಾಜ್ ಮೊದಲ ಸ್ಲೈಡ್ ತೋರಿಸುವಷ್ಟರಲ್ಲಿ ಆಕೆ ಕೈ ಉಜ್ಜಿಕೊಳ್ಳತೊಡಗಿದ್ದರು. ನಾನು ಎದ್ದು, ಆನ್‌ಲೈನ್ ಸೆಕ್ಷನ್ ಈಗಲೇ ನಡೆಯುತ್ತಿದೆ, ಬೇಕಾದರೆ ಹೋಗಿ ನೋಡಬಹುದು, ಅಲ್ಲಿ ಬಿಸಿಲೂ ಇದೆ ಎಂದೆ. ಬಿಸಿಲು ಎಂದದ್ದೇ ತಡ, ಆಕೆ ಕೋಲು ಹಿಡಿದು ಎದ್ದೇಬಿಟ್ಟರು. ಭಾರದ್ವಾಜ್ ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ.

ಹುಲ್ಲಿನ ಮೇಲೆ ಆಕೆಗೊಂದು ಕುರ್ಚಿ ಹಾಕಿಸಿದೆವು. ಗರಿಮಾ ಒಂದಷ್ಟು ಮೂಂಗ್‌ಫಲಿ ಕೊಟ್ಟಳು. ಫೋನಿನಲ್ಲಿ ಪಾಠ ಸ್ವಲ್ಪ ನಡೆಯಿತು, ನಿಂತಿತು, ಒಬ್ಬ ಅನುಮಾನ ಕೇಳಿದ, ಫರ್ಹಾನಾ ಬಿಡಿಸಿದಳು, ಮತ್ತೆ ನಡೆಯಿತು. ಅಧ್ಯಕ್ಷೆ ಬಿಸಿಲಿಗೆ ಕಣ್ಣು ಅರೆಮುಚ್ಚಿ ಕೇಳುತ್ತಿದ್ದವರು, ಈ ಪ್ರಯೋಗದಲ್ಲಿ ಈ ಹುಡುಗಿ ಏನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಭಾರದ್ವಾಜ್ ಆಗಲಿ ನಾನಾಗಲಿ ಬಾಯಿ ತೆರೆಯುವ ಮೊದಲೇ ಫರ್ಹಾನಾ ಎದ್ದು ನಿಂತು ಇಂಗ್ಲಿಷಿನಲ್ಲೇ, "ನಾನು ಕಲಬೆರಕೆ, ಮೇಡಂ," ಎಂದಳು.

ಆಮೇಲೆ ಆ ಮುದುಕಿ ನಕ್ಕರು ನೋಡಿ, ಕೋಲು ಕೆಳಗೆ ಬಿತ್ತು. ನಗು ನಿಂತ ಮೇಲೆ ಭಾರದ್ವಾಜ್ ಕಡೆ ತಿರುಗಿ, ಈ ಕಲಬೆರಕೆ ತೆಗೆದರೆ ನಿಮ್ಮ ಫಲಿತಾಂಶದಲ್ಲಿ ಏನು ಉಳಿಯುತ್ತದೆ ಎಂದು ಕೇಳಿದರು.

ಇಲ್ಲಿ ನಮ್ಮ ನಿರ್ದೇಶಕರನ್ನು ಹೊಗಳಲೇಬೇಕು. ಬೇರೆಯವರಾಗಿದ್ದರೆ ತಬ್ಬಿಬ್ಬಾಗುತ್ತಿದ್ದರು. ಅವರು ಅರೆಗಳಿಗೆ ಆಕಾಶ ನೋಡಿ, ಕಲಬೆರಕೆಯಲ್ಲ, ಇದೇ ನಮ್ಮ ಮಾದರಿಯ ಲೈವ್ ಹ್ಯೂಮನ್ ಲೇಯರ್ ಎಂದುಬಿಟ್ಟರು. ಜೀವಂತ ಮನುಷ್ಯರ ಪದರ! ಟೀಚರ್ ಎಂಬ ಹಳೆಯ ಮಾತಿಗೆ ಯಾರೂ ಕಿವಿಗೊಡುತ್ತಿರಲಿಲ್ಲ. ಈ ಪದ ಕೇಳಿದ ಕೂಡಲೇ ಸಮಿತಿಯ ಉಳಿದಿಬ್ಬರು ಬರೆದುಕೊಳ್ಳತೊಡಗಿದರು. ಅಧ್ಯಕ್ಷೆ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ಟ್ಯುಟೋರಿಯಲ್ ರದ್ದಾಗಲಿಲ್ಲ, ಮಧ್ಯಾಹ್ನಕ್ಕೆ ಬದಲಾಯಿತು. ಫರ್ಹಾನಾಳ ಆದೇಶವೂ ಬಂತು.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಡ್ಯಾಶ್‌ಬೋರ್ಡ್ ನೋಡಿ, ಬೇಡ ಎನ್ನುವುದಿಲ್ಲ. ಆದರೆ ಅದಕ್ಕೆ ಮೊದಲು ನಿಮ್ಮ ವಿದ್ಯಾರ್ಥಿಗಳು ಎಲ್ಲಿ ಕೂತಿದ್ದಾರೆ ಎಂದು ಒಂದು ಸುತ್ತು ಹೋಗಿ ನೋಡಿಕೊಂಡು ಬನ್ನಿ. ನನಗೆ ಅದು ತಿಳಿಯುವ ಹೊತ್ತಿಗೆ ನಿವೃತ್ತಿ ಬಾಗಿಲಿಗೆ ಬಂದಿತ್ತು.

ಇದನ್ನು ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಸುಖವಾಯಿತು ಎಂದು ನೀವು ಅಂದುಕೊಳ್ಳುತ್ತೀರಿ. ಲೈವ್ ಹ್ಯೂಮನ್ ಲೇಯರ್ ಎಂದರೆ ಏನೆಂದು ಆಡಳಿತ ವಿಭಾಗದವರಿಗೆ ಅರ್ಥವಾಗಿರಲಿಲ್ಲ. ಕೇಳಿದರೆ ಪೆದ್ದರಾಗುತ್ತೇವೆ ಎಂದು ಅದನ್ನು ಸರ್ವರು, ಪ್ರೊಜೆಕ್ಟರುಗಳ ಜೊತೆ ಉಪಕರಣಗಳ ಬಾಬ್ತಿಗೆ ಸೇರಿಸಿಬಿಟ್ಟಿದ್ದರು. ನಾನು ನಿವೃತ್ತಳಾಗುವ ವಾರ ದಾಸ್ತಾನು ಪರಿಶೀಲನೆಗೆ ಗುಮಾಸ್ತನೊಬ್ಬ ಬಂದ. ಎಲ್ಲ ಸಾಮಾನಿಗೂ ನಂಬರಿನ ಚೀಟಿ ಅಂಟಿಸಿ ಮುಗಿಸಿ, ಇದೊಂದು ಲೇಯರ್ ಎಲ್ಲೂ ಕಾಣುತ್ತಿಲ್ಲ, ಎಲ್ಲಿಟ್ಟಿದ್ದೀರಿ ಎಂದು ಕೇಳಿದ. ಬಾ ಎಂದು ಲೈಬ್ರರಿ ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಅವನು ಚೀಟಿ ಹಿಡಿದು ಫರ್ಹಾನಾಳನ್ನು ಒಮ್ಮೆ ನೋಡಿ, ಅಚ್ಛಾ ಎಂದು ಅದನ್ನು ಜೇಬಿಗಿಟ್ಟುಕೊಂಡ. ಉಪಕರಣದ ಸ್ಥಿತಿ ಏನೆಂದು ಬರೆಯಲಿ ಎಂದ. ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಬರೆದುಕೋ ಎಂದೆ.

ಹುಡುಗರ ನಡುವೆ ಕೂತಿದ್ದ ಫರ್ಹಾನಾ ತಲೆ ಎತ್ತದೆ, ಅವನಿಗೂ ಅರ್ಥವಾಗಲೆಂದು ಹಿಂದಿಯಲ್ಲಿ, "ಗ್ಯಾರಂಟಿ ಮಾತ್ರ ಪ್ರತಿ ಸೆಮಿಸ್ಟರಿಗೂ ಮುಗಿಯುತ್ತೆ, ಅದನ್ನೂ ಬರ್ಕೊಳ್ಳಿ ಭಯ್ಯಾ," ಎಂದಳು.

ಅವನು ಅದನ್ನೂ ಬರೆದುಕೊಂಡ.